ಮನೆಯಲ್ಲೇ ಸ್ನಾರ್ಕೆಲ್ ಮಾಡಿ ಹಾಕಿದರೆ ಗಾಡಿಯನ್ನು ಎಷ್ಟು ಆಳದ ನೀರಿಗೆ ಇಳಿಸಬಹುದು?

ಪ್ರಶ್ನೆ: ನನ್ನ ಹತ್ತಿರ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ ಇದೆ. ಪಿವಿಸಿ ಪೈಪಿನಲ್ಲಿ ನಾನೇ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಪೈಪು) ಮಾಡಿ, ಅದರ ಬಾಯನ್ನು ಗಾಡಿಯ ಟಾಪ್‌ವರೆಗೂ ತಂದರೆ ಬಾನೆಟ್ ಮುಳುಗುವಷ್ಟು ನೀರಿನಲ್ಲೂ ಓಡಿಸಬಹುದಲ್ವಾ?

ಉತ್ತರ: ಸ್ನಾರ್ಕೆಲ್ ಖಂಡಿತ ಮಾಡಬಹುದು, ಕಷ್ಟವೇನಿಲ್ಲ. ಆದರೆ ಬಾನೆಟ್ ಮುಳುಗುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಮುಚ್ಚದೆ ಅಥವಾ ಮೇಲಕ್ಕೆ ತರದೆ ಬಿಟ್ಟ ತೂತುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಎಲ್ಲಿದೆಯೋ, ನಿಮ್ಮ ಗಾಡಿಯ ಆಳ ಅಲ್ಲಿಗೆ ಮುಗಿಯಿತು. ಪೈಪು ಎಷ್ಟೇ ಎತ್ತರ ಇರಲಿ, ಲೆಕ್ಕ ಅದೇ.

ಮೊದಲು ಭಯ ಯಾಕೆ ಅನ್ನೋದು ತಿಳಿಯಲಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. 2 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ತಗೊಳ್ಳಿ, ಕಂಪ್ರೆಶನ್ 16:1 ಇರಲಿ, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಹದಿನಾರನೇ ಒಂದು ಭಾಗಕ್ಕೆ ಒತ್ತುತ್ತದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ಅಂದರೆ ಎರಡು ದೊಡ್ಡ ಚಮಚ ನೀರು. ಅದಕ್ಕಿಂತ ಸ್ವಲ್ಪ ಜಾಸ್ತಿ ಒಳಗೆ ಹೋದರೂ ಪಿಸ್ಟನ್ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನೇ ಹೈಡ್ರೋಲಾಕ್ ಅನ್ನುತ್ತಾರೆ. ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಈಗ ಪೈಪಿನ ವಿಷಯ. ಅದೇ ಎಂಜಿನ್ 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3000 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ಗಾಡಿಯ ಮೂಲ ಇನ್‌ಟೇಕ್ ಬಾಯಿಗಿಂತ ಸಣ್ಣ ಪೈಪು ಬೇಡವೇ ಬೇಡ. 75 ಮಿಲಿಮೀಟರ್ ಬದಲು 50ರ ಪೈಪು ಹಾಕಿದರೆ ಗಾಳಿಯ ದಾರಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಗಾಡಿ ಏದುಸಿರು ಬಿಡುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ತಿರುವು ಬೇಕಾದ ಕಡೆ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿಯವು ಹಾಕಿ, ಗಾಳಿ ಸರಾಗವಾಗಿ ಹೋಗುತ್ತದೆ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಆದ್ದರಿಂದ ಎಕ್ಸಾಸ್ಟ್ ಹತ್ತಿರ ಹಾಯಿಸಬೇಡಿ. ಬಾನೆಟ್ ಒಳಗಿನ ತುಂಡಿಗೆ ದಪ್ಪನೆಯ ರಬ್ಬರ್ ಹೋಸ್ ಒಳ್ಳೆಯದು. ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಷ್ಟು ಅಲ್ಲಾಡುವುದಿಲ್ಲ. ನಡುವೆ ಬಾಗುವ ವಸ್ತು ಇಲ್ಲದಿದ್ದರೆ ಜಾಯಿಂಟ್ ಬಿರುಕು ಬಿಡುತ್ತದೆ. ಹೊರಗಿನ ಪೈಪಿಗೆ ಬಣ್ಣ ಬಳಿಯಿರಿ, ಬಿಸಿಲಿಗೆ ಪಿವಿಸಿ ಪೆಡಸಾಗುತ್ತದೆ. ಮೇಲಿನ ಬಾಯಿ ಹಿಂದಕ್ಕೋ ಕೆಳಕ್ಕೋ ತಿರುಗಿರಲಿ, ಮಳೆ ನೀರು ನೇರವಾಗಿ ಒಳಗೆ ಬೀಳಬಾರದು.

ಬಹಳ ಜನ ಎಡವುವುದು ಇದಾದ ಮೇಲೆ. ಪೈಪು ನೋಡಲು ಗಟ್ಟಿಮುಟ್ಟಾಗಿರುತ್ತದೆ, ಏರ್ ಫಿಲ್ಟರ್ ಬಾಕ್ಸ್ ಮಾತ್ರ ಮೊದಲಿನ ಹಾಗೇ ಇರುತ್ತದೆ. ಅದರ ತಳಕ್ಕೆ ಕೈ ಹಾಕಿ ಸವರಿ ನೋಡಿ. ಧೂಳು, ಹನಿ ನೀರು ಹೊರಗೆ ಬೀಳಲಿ ಅಂತ ಎಷ್ಟೋ ಗಾಡಿಗಳಲ್ಲಿ ಅಲ್ಲಿ ಒಂದು ತೂತು ಅಥವಾ ಸಣ್ಣ ರಬ್ಬರ್ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟು ಮೇಲೆ ಒಂದೂವರೆ ಮೀಟರ್ ಪೈಪು ಹಾಕಿದರೆ ಏನು ಬಂತು? ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಆ ತೂತು ಮುಚ್ಚಿ. ಮುಚ್ಚಳದ ರಬ್ಬರ್ ಪಟ್ಟಿ ಸವೆದಿದ್ದರೆ ಬದಲಾಯಿಸಿ. ಫೆಂಡರ್ ಒಳಗಿನ ಹಳೆಯ ಇನ್‌ಟೇಕ್ ಬಾಯಿ ತೆರೆದೇ ಉಳಿದಿದೆಯಾ ನೋಡಿ. ಪಿವಿಸಿ ಜಾಯಿಂಟಿಗೆ ಸಾಲ್ವೆಂಟ್ ಸಿಮೆಂಟ್, ಹೋಸ್ ಕೂರುವ ಕಡೆ ಸ್ಕ್ರೂ ಕ್ಲ್ಯಾಂಪ್ ಹಾಕಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಸ್ನಾರ್ಕೆಲ್ ಬಾಯಿಗೆ ಒಂದು ರಬ್ಬರ್ ಹಾಳೆ ಅಂಟಿಸಿದ ಹಲಗೆ ಒತ್ತಿ ಹಿಡಿಯಿರಿ. ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಗಾಳಿ ಹೋಗುವ ದಾರಿಯಲ್ಲಿ ನೀರೂ ಹೋಗುತ್ತದೆ. ಹಲಗೆಯನ್ನು ತಕ್ಷಣ ತೆಗೆಯಿರಿ, ಜಾಸ್ತಿ ಹೊತ್ತು ಹಿಡಿದರೆ ಹೋಸ್ ಒಳಕ್ಕೆ ಕುಗ್ಗುತ್ತದೆ. ಸೋರುವ ಜಾಗ ಹುಡುಕಲು ಎಂಜಿನ್ ಆರಿಸಿ, ಪೈಪಿನ ಬಾಯಿಂದ ಮೆಲ್ಲಗೆ ಗಾಳಿ ಊದುತ್ತಾ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದ ಕಡೆ ಕೆಲಸ ಬಾಕಿ ಇದೆ. ಈ ಪರೀಕ್ಷೆಯಲ್ಲಿ ಗೆಲ್ಲದ ಗಾಡಿಯನ್ನು ದಯವಿಟ್ಟು ನೀರಿಗೆ ಇಳಿಸಬೇಡಿ.

ಇನ್ನು ಕೆಳಗಿನ ಉಸಿರು. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಡಬ್ಬಿ), ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಡಬ್ಬಿ), ಎಲ್ಲಕ್ಕೂ ಬ್ರೀದರ್ ಅಂತ ಒಂದು ಸಣ್ಣ ಬಾಯಿ ಇರುತ್ತದೆ. ಓಡಿ ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆ ಸೆಳೆತಕ್ಕೆ ಬ್ರೀದರ್‌ನಿಂದಲೋ ಆಯಿಲ್ ಸೀಲ್ ಪಕ್ಕದಿಂದಲೋ ನೀರು ಒಳಗೆ ನುಗ್ಗುತ್ತದೆ. ಬ್ರೀದರ್ ಮುಚ್ಚಿಬಿಡೋಣ ಅನ್ನಿಸಬಹುದು. ಬೇಡ, ಆಗ ಸೆಳೆತವೆಲ್ಲ ಸೀಲ್ ಮೇಲೆ ಬೀಳುತ್ತದೆ. ಪ್ರತಿಯೊಂದಕ್ಕೂ ಎಣ್ಣೆ ತಡೆಯುವ ಸಣ್ಣ ಹೋಸ್ ಜೋಡಿಸಿ ಬಾನೆಟ್ ಒಳಗೆ ಎತ್ತರಕ್ಕೆ ತನ್ನಿ. ಆಕ್ಸಲ್ ಹತ್ತಿರ ಹೋಸನ್ನು ಸ್ವಲ್ಪ ಸಡಿಲವಾಗಿ ಬಿಡಿ. ಚಕ್ರ ಹಳ್ಳಕ್ಕೆ ಇಳಿದಾಗ ಆಕ್ಸಲ್ ಕೆಳಗೆ ಜಗ್ಗುತ್ತದೆ, ಬಿಗಿಯಾಗಿದ್ದರೆ ಹೋಸ್ ಕಿತ್ತು ಬರುತ್ತದೆ.

ವೈರಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮದು ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಆಗಿದ್ದರೆ ಅದೃಷ್ಟ, ಸ್ಪಾರ್ಕ್ ತಲೆನೋವಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ ವೈರು, ಕಾಯಿಲ್, ಡಿಸ್ಟ್ರಿಬ್ಯೂಟರ್ ಎಲ್ಲವನ್ನೂ ಕಾಪಾಡಬೇಕು. ಕನೆಕ್ಟರ್ ಬಿಚ್ಚಿ ಒಳಗೆ ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ತುಂಬಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸೀಟಿನ ಕೆಳಗಿದ್ದರೆ ಮೇಲಕ್ಕೆ ಎತ್ತಿ. ಆಲ್ಟರ್ನೇಟರನ್ನು ಮಾತ್ರ ಸಿಲಿಕೋನ್ ಬಳಿದು ಮುಚ್ಚಬೇಡಿ, ತಣ್ಣಗಾಗಲು ಅದಕ್ಕೆ ಗಾಳಿ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಎಷ್ಟು ಆಳ? ಕಂಪನಿ ಹೇಳಿದ ವೇಡಿಂಗ್ ಡೆಪ್ತ್, ಅಂದರೆ ಗಾಡಿ ದಾಟಬಹುದಾದ ನೀರಿನ ಆಳ, ನೋಡಿ. ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ ಅದು 900 ಮಿಲಿಮೀಟರ್. ಹಳೆಯ ಡಿಫೆಂಡರ್‌ಗೆ 500 ಮಾತ್ರ. ನನ್ನ ಮಟ್ಟಿಗೆ ಮನೆಯಲ್ಲಿ ಮಾಡಿದ ಸ್ನಾರ್ಕೆಲ್ ಇರುವುದು ಆ ಅಂಕಿಯನ್ನು ದಾಟಲು ಅಲ್ಲ. ಗುಂಡಿಗೆ ಮೂತಿ ಇಳಿದಾಗ, ಎದುರಿಂದ ಅಲೆ ಬಂದಾಗ ಎಂಜಿನ್ ಉಳಿಯಲಿ ಅಂತ. ನಿಂತ ನೀರಿನಲ್ಲಿ ಮೊದಲು ಕೋಲು ಹಿಡಿದು ನಡೆದು ಆಳ ನೋಡಿ. ಆಮೇಲೆ ಲೋ ರೇಂಜಿನಲ್ಲಿ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಗೇರ್), ನಡಿಗೆಯ ವೇಗದಲ್ಲಿ, ಎಲ್ಲೂ ನಿಲ್ಲದೆ ಹೋಗಿ. ಗ್ರಿಲ್ ಮುಂದೆ ಟಾರ್ಪಾಲ್ ಕಟ್ಟಿದರೆ ಒಳಗೆ ನುಗ್ಗುವ ನೀರು ಕಡಿಮೆಯಾಗುತ್ತದೆ. ಫ್ಯಾನಿನ ಎಲೆ ನೀರಿಗೆ ಬಡಿದು ಮುಂದಕ್ಕೆ ಬಾಗಿ ರೇಡಿಯೇಟರ್ ಕೊರೆಯುವ ಅಪಾಯವೂ ತಪ್ಪುತ್ತದೆ.

ಹರಿಯುವ ನೀರಿಗೆ ಮಾತ್ರ ಇಳಿಯಲೇಬೇಡಿ. 30 ಸೆಂಟಿಮೀಟರ್ ರಭಸದ ನೀರು ಸಣ್ಣ ಕಾರನ್ನು ತೇಲಿಸುತ್ತದೆ, 60 ಸೆಂಟಿಮೀಟರ್ ದೊಡ್ಡ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಯಾವ ಸ್ನಾರ್ಕೆಲ್ಲೂ ಕೈ ಹಿಡಿಯುವುದಿಲ್ಲ.

ನೀರಿನ ನಡುವೆ ಎಂಜಿನ್ ನಿಂತರೆ ಕೀಲಿ ತಿರುಗಿಸುವ ಆಸೆ ಬರುತ್ತದೆ. ತಿರುಗಿಸಬೇಡಿ. ಎಳೆಸಿ ಹೊರಗೆ ತನ್ನಿ, ಫಿಲ್ಟರ್ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ ನೀರು ಹೊರಹಾಕಬೇಕು.

ಎಲ್ಲ ಸುಸೂತ್ರವಾಗಿ ದಾಟಿದರೂ ಒಂದು ಕೆಲಸ ಉಳಿದಿರುತ್ತದೆ. ಗಾಡಿಯನ್ನು ರಾತ್ರಿ ಸುಮ್ನೆ ನಿಲ್ಲಿಸಿ. ಬೆಳಿಗ್ಗೆ ಡಿಫರೆನ್ಷಿಯಲ್ ಕೆಳಗಿನ ಡ್ರೈನ್ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಕೆಳಗೆ ಬೆರಳು ಹಿಡಿಯಿರಿ. ಎಣ್ಣೆ ಮೇಲೆ ತೇಲುತ್ತದೆ, ನೀರು ತಳದಲ್ಲಿ ಕೂತಿರುತ್ತದೆ. ಮೊದಲ ಹನಿ ಜೇನಿನಂತೆ ಅಂಟಂಟಾಗಿ ಇಳಿದರೆ ಬೋಲ್ಟ್ ಬಿಗಿ ಮಾಡಿ. ನೀರಾಗಿ ಬಂದರೆ, ಇಲ್ಲವೇ ಹಾಲು ಜಾಸ್ತಿಯಾದ ಕಾಫಿ ಬಣ್ಣದಲ್ಲಿ ಬಂದರೆ, ಅವತ್ತೇ ಎಣ್ಣೆ ಪೂರ್ತಿ ಬದಲಾಯಿಸಿ, ಬ್ರೀದರ್ ಹೋಸ್ ಎಲ್ಲಿ ಕಳಚಿದೆ ಅಂತ ಹುಡುಕಿ.