ತೂತು ಬೇರೆ, ಫಿಸ್ಟುಲಾ ಬೇರೆ

ಸುಶ್ರುತ ಸಂಹಿತೆಯಲ್ಲಿ ಒಂದು ವಿಚಿತ್ರ ಹೊಲಿಗೆ ಇದೆ. ಕರುಳು ತೂತಾಗಿದ್ದರೆ ಹೊಟ್ಟೆ ಕೊಯ್ದು, ತೂತಿನ ಅಂಚುಗಳನ್ನು ಸೇರಿಸಿ, ದೊಡ್ಡ ಕಪ್ಪು ಇರುವೆಯಿಂದ ಕಚ್ಚಿಸಬೇಕು. ಆಮೇಲೆ ಮೈ ಕಿತ್ತು ತಲೆ ಮಾತ್ರ ಬಿಡಬೇಕು. ಗೊದ್ದ ಕಚ್ಚಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮೈ ಕಿತ್ತು ಬಂದರೂ ಹಿಡಿತ ಬಿಡುವುದಿಲ್ಲ.

ಇವತ್ತಿನ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಉದ್ದ ಕೊಳವೆಯನ್ನು ಒಳಗೆ ಇಳಿಸಿ ನೋಡುವುದು) ಕ್ಲಿಪ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಹೊಟ್ಟೆ ಕೊಯ್ಯುವುದಿಲ್ಲ, ಅಷ್ಟೇ.

ಮೊದಲ ಕ್ಲಿಪ್‌ಗಳು ಬಂದದ್ದು ಜಪಾನಿನಿಂದ, 1975ರಲ್ಲಿ. ಆಗ ಬೇಕಿದ್ದದ್ದು ರಕ್ತ ನಿಲ್ಲಿಸುವುದು. 1993ರಲ್ಲಿ ಜರ್ಮನಿಯ ವೈದ್ಯರು ಗಡ್ಡೆ ತೆಗೆಯುವಾಗ ಜಠರಕ್ಕೆ ಬಿದ್ದ ತೂತನ್ನೂ ಕ್ಲಿಪ್ ಹಾಕಿಯೇ ಮುಚ್ಚಿದರು. ಆದರೆ ಈ ಕ್ಲಿಪ್ ಎಂಡೋಸ್ಕೋಪಿನ ಒಳಗಿನ ಸಣ್ಣ ಕೊಳವೆಯಲ್ಲಿ ತೂರಿ ಹೋಗಬೇಕು. ಹಾಗಾಗಿ ಅದೂ ಚಿಕ್ಕದೇ. ಕರುಳಿನ ಒಳಪೊರೆ ಹಿಡಿದೀತು, ಇಡೀ ಗೋಡೆ ಅದರ ಕೈಗೆ ಸಿಗುವುದಿಲ್ಲ.

ಜರ್ಮನಿಯ ಟ್ಯೂಬಿಂಗನ್ ಊರಿನ ಓವೆಸ್ಕೋ ಕಂಪನಿ ಲೆಕ್ಕವನ್ನೇ ತಿರುವಿ ಹಾಕಿತು. ಕ್ಲಿಪ್ಪನ್ನು ಕೊಳವೆಯೊಳಗೆ ತೂರಿಸುವ ಬದಲು ಸ್ಕೋಪಿನ ತುದಿಗೆ ಟೋಪಿಯಂತೆ ತೊಡಿಸಿತು. ಮನುಷ್ಯರ ಮೇಲಿನ ಮೊದಲ ಅನುಭವ 2007ರಲ್ಲಿ ಪ್ರಕಟವಾಯಿತು. ನೋಡಲು ಪ್ರಾಣಿ ಹಿಡಿಯುವ ಹಲ್ಲಿನ ಬೋನಿನ ಹಾಗಿದೆ. ನಿಟಿನಾಲ್ ಎಂಬ ನಿಕಲ್-ಟೈಟಾನಿಯಂ ಲೋಹದ್ದು. ಎಳೆದು ಅಗಲಿಸಿದರೂ ಬಿಟ್ಟ ಕೂಡಲೇ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ವೈದ್ಯರು ತೂತಿನ ಅಂಚುಗಳನ್ನು ಪಾರದರ್ಶಕ ಟೋಪಿಯೊಳಗೆ ಎಳೆದುಕೊಳ್ಳುತ್ತಾರೆ. ಹಿಡಿಯ ಹತ್ತಿರದ ಚಕ್ರ ತಿರುಗಿಸಿದರೆ ದಾರ ಬಿಗಿಯುತ್ತದೆ, ಕ್ಲಿಪ್ ಜಾರುತ್ತದೆ, ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಹಲ್ಲುಗಳ ನಡುವೆ ಸಂದು ಇರುವುದರಿಂದ ಸಿಕ್ಕಿಕೊಂಡ ಭಾಗಕ್ಕೆ ರಕ್ತ ಹರಿಯುತ್ತಲೇ ಇರುತ್ತದೆ.

ಇಷ್ಟು ಒಳ್ಳೆಯ ಬೋನು ಸಿಕ್ಕಿದ ಮೇಲೆ ಫಿಸ್ಟುಲಾ ಕೂಡ ಮುಚ್ಚಿಯೇ ಬಿಡುತ್ತದೆ ಅನ್ನಿಸಿತು. (ನಮ್ಮಲ್ಲಿ ಫಿಸ್ಟುಲಾ ಎಂದರೆ ಜಾಸ್ತಿ ಜನಕ್ಕೆ ಭಗಂದರವೇ ನೆನಪಾಗುತ್ತದೆ. ಆಪರೇಷನ್ ಆದ ಜಾಗ ಸೋರಿ ಸೋರಿ ಜಠರ, ಕರುಳಿನಿಂದ ಚರ್ಮಕ್ಕೋ ಪಕ್ಕದ ಅಂಗಕ್ಕೋ ಹೊರಟು ಉಳಿದುಕೊಂಡ ಹಾದಿಯೂ ಫಿಸ್ಟುಲಾವೇ.) 2014ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು 188 ರೋಗಿಗಳ ಲೆಕ್ಕ ಕೊಟ್ಟವು. ತೂತು ಮುಚ್ಚಿ ಉಳಿದದ್ದು 90%. ಆಪರೇಷನ್ ಆದ ಜಾಗದ ಸೋರಿಕೆಯಲ್ಲಿ 73.3%. ಫಿಸ್ಟುಲಾದಲ್ಲಿ ಬರೀ 42.9%.

ಯಾಕೆ ಹೀಗೆ? ಹಳೆಯ ಕಥೆಯೊಂದಿದೆ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬಾತನಿಗೆ ಗುಂಡು ತಗುಲಿತು. ಗಾಯ ಮಾಯಿತು, ತೂತು ಮಾತ್ರ ಉಳಿಯಿತು. ಜಠರದ ಅಂಚು ಚರ್ಮಕ್ಕೆ ಅಂಟಿ ಹಾಗೆಯೇ ಒಣಗಿತ್ತು. ವೈದ್ಯ ಬ್ಯೂಮಾಂಟ್ ಮಾಂಸದ ತುಂಡಿಗೆ ರೇಷ್ಮೆ ದಾರ ಕಟ್ಟಿ ಆ ತೂತಿನಲ್ಲಿ ಇಳಿಬಿಟ್ಟು, ಅದು ಹೇಗೆ ಕರಗುತ್ತದೆ ಎಂದು ನೋಡುತ್ತಿದ್ದ. ಸೇಂಟ್ ಮಾರ್ಟಿನ್ ಆ ತೂತಿನೊಂದಿಗೇ 1880ರ ತನಕ ಬದುಕಿದ.

ಅಂದರೆ ಫಿಸ್ಟುಲಾ ಮಾಯದ ಗಾಯವಲ್ಲ, ತೆರೆದುಕೊಂಡೇ ಮಾಯ್ದ ಗಾಯ. ಅದರ ಒಳಗೋಡೆಗೆ ಪೊರೆ ಬಂದಿರುತ್ತದೆ, ಸುತ್ತ ಕಲೆ ಗಟ್ಟಿಯಾಗಿರುತ್ತದೆ. ಕ್ಲಿಪ್ ಒತ್ತಿ ಹಿಡಿದೀತು, ಆದರೆ ಎರಡು ಪೊರೆಗಳು ಒಂದಕ್ಕೊಂದು ಬೆಸೆದುಕೊಳ್ಳಬೇಕಲ್ಲ. ಅದಕ್ಕೇ ಈಗ ವೈದ್ಯರು ಮೊದಲು ಆ ಹಾದಿಯನ್ನು ಬ್ರಷ್‌ನಿಂದ ಉಜ್ಜಿಯೋ ಆರ್ಗಾನ್ ಎಂಬ ಅನಿಲದ ಶಾಖದಿಂದ ಸುಟ್ಟೋ ಹಸಿ ಗಾಯ ಮಾಡುತ್ತಾರೆ. ಕ್ಲಿಪ್ ಹಾಕುವುದು ಆಮೇಲೆ.