ಸೋಮವಾರದ ಪ್ರಾಕ್ಟಿಕಲ್‌ಗೆ ಕಪ್ಪೆ ಬೇಡ, ವೈರ್ ತನ್ನಿ

ಎದೆ ಸೀಳಿದ ಮೇಲೂ ಕಪ್ಪೆಯ ಹೃದಯ ಬಡಿಯುತ್ತಲೇ ಇರುತ್ತದೆ. ಕ್ಲೋರೋಫಾರ್ಮ್ ಕೊಟ್ಟು, ಮೇಣದ ಟ್ರೇ ಮೇಲೆ ನಾಲ್ಕೂ ಕಾಲಿಗೆ ಪಿನ್ ಚುಚ್ಚಿ, ಚರ್ಮ ಬಿಡಿಸಿ, ಎದೆಯ ಎಲುಬು ಕತ್ತರಿಸಿ ತೆಗೆದ ಮೇಲೂ. ನಾನು ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ ವರ್ಷ ಒಬ್ಬ ಹುಡುಗಿ "ಸರ್, ಇದಕ್ಕಿನ್ನೂ ಜೀವ ಐತ್ರಿ" ಅಂದಳು. ನಾನು ಪುಸ್ತಕದ ಉತ್ತರ ಕೊಟ್ಟೆ. ಕಪ್ಪೆಯ ಹೃದಯ ಮಿದುಳಿನ ಅಪ್ಪಣೆಗೆ ಕಾಯೋದಿಲ್ಲಮ್ಮ, ತನ್ನ ಸ್ನಾಯುವಿನಿಂದಲೇ ಬಡಿಯುತ್ತದೆ, ಬರೆದುಕೋ. ಬರೆದುಕೊಂಡಳು. ಮುಂದೆ ಎಂಎಸ್ಸಿಗೆ ಬಾಟನಿ ತೆಗೆದುಕೊಂಡಳು.

ನಮ್ಮ ಗಂಗಾವತಿ ಕಡೆ ಕಪ್ಪೆಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ರಾತ್ರಿ ಗದ್ದೆ ತುಂಬಾ ಅವುಗಳದ್ದೇ ಗದ್ದಲ. ಅಟೆಂಡರ್ ಬ್ಯಾಟರಿ ಹಿಡಿದು ಹೋಗಿ ಗೋಣಿಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಲ್ಲಿಸಿತು, ಯಾಕೆಂದರೆ ಕಪ್ಪೆ ಕಡಿಮೆಯಾದ ಗದ್ದೆಯಲ್ಲಿ ಹುಳ ಜಾಸ್ತಿ, ಹುಳ ಜಾಸ್ತಿಯಾದಲ್ಲಿ ಔಷಧಿ ಹೊಡೆಯೋದೂ ಜಾಸ್ತಿ ಅನ್ನೋ ವಾದ ಆಗ ಜೋರಾಗಿತ್ತು. ಇದನ್ನೆಲ್ಲಾ ಬೆಳಿಗ್ಗೆ ಥಿಯರಿ ಕ್ಲಾಸಿನಲ್ಲಿ ಹೇಳಿ, ಮಧ್ಯಾಹ್ನ ಅದೇ ಹುಡುಗರಿಂದ ಬ್ಯಾಚ್‌ಗೆ ಇಪ್ಪತ್ತು ಕಪ್ಪೆ ಕೊಯ್ಯಿಸುತ್ತಿದ್ದವನು ನಾನೇ.

ಕೊಯ್ದರೆ ಕಲೀತಾರೆ ಅನ್ನೋ ಮಾತು ಇದೆಯಲ್ಲ, ಅದನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ. ಸಿರೆಗಳ ಡಿಸೆಕ್ಷನ್ ದಿನ ಅರ್ಧಕ್ಕರ್ಧ ಹುಡುಗರು ಮೊದಲ ಹತ್ತು ನಿಮಿಷದಲ್ಲೇ ದೊಡ್ಡ ಸಿರೆಗೆ ಕತ್ತರಿ ತಾಗಿಸಿಬಿಡುತ್ತಿದ್ದರು. ಟ್ರೇ ತುಂಬಾ ರಕ್ತ. ಆಮೇಲೆ ಏನೂ ಕಾಣೋದಿಲ್ಲ. ಪಕ್ಕದವನ ಟ್ರೇ ನೋಡಿ, ಅದೂ ಕೆಟ್ಟಿದ್ದರೆ ಸೀನಿಯರ್ ರೆಕಾರ್ಡ್ ನೋಡಿ ಚಿತ್ರ ಬರೆಯುವುದು. ನರಗಳ ಡಿಸೆಕ್ಷನ್ ಇನ್ನೂ ಕಷ್ಟ. ನರದ ಕೆಳಗೆ ಕಪ್ಪು ಕಾಗದದ ಚೂರು ತೂರಿಸಿ, ಗುಂಡುಪಿನ್ನಿಗೆ ಚೀಟಿ ಅಂಟಿಸಿ ಬಾವುಟ ನೆಟ್ಟರೆ ಮಾರ್ಕ್ಸು. ಆ ಬಿಳಿ ದಾರ ನಿಜಕ್ಕೂ ಮಿದುಳಿನಿಂದ ಹೊರಡುವ ಹತ್ತನೇ ನರವೋ ಅಥವಾ ಹರಿದ ಪೊರೆಯ ಎಳೆಯೋ ಅಂತ ಪರೀಕ್ಷೆಗೆ ಬಂದವರು ಬಗ್ಗಿ ನೋಡಿದ್ದು ನನಗಂತೂ ನೆನಪಿಲ್ಲ.

ಕಾಯ್ದೆ ಹೊಸದೇನಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದೆ: ಪುಸ್ತಕ, ಮಾಡೆಲ್, ಫಿಲ್ಮಿನಿಂದ ಕಲಿಸೋಕೆ ಆಗುತ್ತದೆ ಅಂದರೆ ಕಾಲೇಜುಗಳಲ್ಲಿ ಪ್ರಾಣಿ ಪ್ರಯೋಗ ಬೇಡ ಅಂತ. ವಿಶ್ವವಿದ್ಯಾಲಯಗಳ ಅನುದಾನ ಆಯೋಗ, ಅಂದರೆ ಯುಜಿಸಿ, 2011ರಲ್ಲಿ ಡಿಸೆಕ್ಷನ್ ಹಂತಹಂತವಾಗಿ ಕಡಿಮೆ ಮಾಡಿ ಅಂದಿತು, 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ, ಸ್ನಾತಕೋತ್ತರ ಎರಡರಲ್ಲೂ ಪೂರ್ತಿ ನಿಲ್ಲಿಸಿ ಅಂದಿತು. ಆ ಸುತ್ತೋಲೆ ಬಂದ ಮೇಲೂ ಒಂದು ಕಾಲೇಜಿನಲ್ಲಿ (ಹೆಸರು ಬೇಡ) ಗೋಣಿಚೀಲ ಬರುತ್ತಲೇ ಇತ್ತು. ಕೇಳಿದರೆ "ಸ್ಟಾಕ್ ಮುಗಿಯಲಿ ಸರ್" ಅಂದರು. ಜೀವಂತ ಕಪ್ಪೆಗೆ ಎಂಥಾ ಸ್ಟಾಕು!

ಆಗಿನಿಂದ ಕಪ್ಪೆ ಕೊಯ್ಯಿಸೋದು ಬಿಡಿ ಅಂತ ಹೇಳೋಕೆ ಗಂಗಾವತಿ, ಕೊಪ್ಪಳ, ಸಿಂಧನೂರು ಅಂತ ಕಾಲೇಜು ಕಾಲೇಜು ತಿರುಗಿದ್ದೇನೆ. ಶುರುವಿನಲ್ಲಿ ದಯೆ, ಧರ್ಮ ಅಂತ ಮಾತಾಡುತ್ತಿದ್ದೆ, ಬಸವಣ್ಣನ ವಚನವನ್ನೂ ಹೇಳುತ್ತಿದ್ದೆ. ಚಹಾ ಕೊಟ್ಟು ಕಳಿಸುತ್ತಿದ್ದರು. ಅವರ ತಲೆಬಿಸಿ ಬೇರೆಯೇ ಇತ್ತು: ಸೋಮವಾರ ಎರಡು ಗಂಟೆಗೆ ಇಪ್ಪತ್ತು ಜನ ಲ್ಯಾಬಿಗೆ ಬರುತ್ತಾರೆ, ನಾಲ್ಕರವರೆಗೆ ಅವರ ಕೈಗೆ ಏನು ಕೊಡಲಿ? ಅದಕ್ಕೆ ಉತ್ತರ ಇಲ್ಲದೆ ಹೋದರೆ ಯಾವ ಚಳವಳಿಯೂ ಸ್ಟಾಫ್ ರೂಮ್ ದಾಟುವುದಿಲ್ಲ.

ಸಾಫ್ಟ್‌ವೇರ್ ಇದೆಯಲ್ಲ, ಕಂಪ್ಯೂಟರಿನಲ್ಲೇ ಕಪ್ಪೆ ಕೊಯ್ದು ಕಲಿಯೋಕೆ, ಅಂತೀರಿ. ಇದೆ, ಒಳ್ಳೆಯವೂ ಇವೆ. ಆದರೆ ನಮ್ಮ ಹುಡುಗರಲ್ಲಿ ಬಹಳಷ್ಟು ಮಂದಿ ಕನ್ನಡ ಮೀಡಿಯಂನಿಂದ ಬಂದವರು. ನಾನು ನೋಡಿದ ಸಿಡಿಗಳಲ್ಲಿ ವಿವರಣೆಯೆಲ್ಲಾ ಇಂಗ್ಲಿಷು, ಜೊತೆಗೆ ಕರೆಂಟು ಮಧ್ಯಾಹ್ನವೇ ಹೋಗುತ್ತದೆ. ಸಿಡಿ ಬೀರುವಿನಲ್ಲಿ, ಬೀಗದ ಕೈ ವಿಭಾಗದ ಮುಖ್ಯಸ್ಥರ ಜೇಬಿನಲ್ಲಿ. ಹಾಗಾಗಿ ನಾನು ವೈರಿಗೆ ಬಂದೆ.

ಮನೆ ವೈರಿಂಗ್ ಮಾಡುವವರ ಹತ್ತಿರ ಉಳಿದ ತುಂಡು ಕೇಳಿ ತರುವುದು. ಕೆಂಪು ಅಪಧಮನಿಗೆ, ನೀಲಿ ಸಿರೆಗೆ, ಹಸಿರು ಕರುಳಿನಿಂದ ಲಿವರಿಗೆ ಹೋಗುವ ಪೋರ್ಟಲ್ ಸಿರೆಗೆ. ರಟ್ಟಿನ ಮೇಲೆ ಕಪ್ಪೆಯ ಆಕಾರ, ಮಣ್ಣಿನಲ್ಲಿ ಮೂರು ಕೋಣೆಯ ಹೃದಯ, ಅದರ ಬೆನ್ನಿಗೆ ಸೈನಸ್ ವೀನೋಸಸ್, ಅಂದರೆ ಸಿರೆಗಳ ರಕ್ತ ಮೊದಲು ಬಂದು ಸೇರುವ ಚೀಲ. ಮೇಲಿನಿಂದ ಎರಡು ದೊಡ್ಡ ಸಿರೆ, ಕೆಳಗಿನಿಂದ ಒಂದು ಬಂದು ಆ ಸೈನಸ್ಸಿಗೇ ಸೇರಬೇಕು. ಮೊದಲ ಸಲ ಎಲ್ಲರೂ ನೇರ ಹೃದಯದ ಕೋಣೆಗೇ ಚುಚ್ಚುತ್ತಾರೆ. ತಪ್ಪು ಅಂದರೆ ಕಿತ್ತು ಮತ್ತೆ ಕಟ್ಟುತ್ತಾರೆ. ಮೂರು ಸಲ ಕಿತ್ತು ಕಟ್ಟಿದವನು ಪರೀಕ್ಷೆಯಲ್ಲಿ ಮರೆಯೋದಿಲ್ಲ. ಕಪ್ಪೆ ಕೊಯ್ದಾಗ ಈ ಎರಡನೇ ಸಲ ಅನ್ನೋದೇ ಇರಲಿಲ್ಲ ಅಲ್ವಾ.

ಬಡಿಯುವ ಹೃದಯ ನೋಡಲೇಬೇಕು ಅನ್ನುವವರಿಗೆ ಡಾಫ್ನಿಯಾ ಇದೆ. ಕೆರೆ ನೀರಿನಲ್ಲಿ ಸಿಗುವ ಸಾಸಿವೆ ಕಾಳಿನಷ್ಟು ಚಿಕ್ಕ ಜೀವಿ, ಮೈ ಗಾಜಿನಂತೆ. ಮೈಕ್ರೋಸ್ಕೋಪಿನ ಕೆಳಗೆ ಒಂದು ಹನಿ ನೀರಿನಲ್ಲಿಟ್ಟರೆ ಬೆನ್ನ ಹತ್ತಿರ ಹೃದಯ ಪಟಪಟ ಅನ್ನೋದು ಕಾಣುತ್ತದೆ. ಬಾಯಲ್ಲಿ ಎಣಿಸೋಕಾಗದಷ್ಟು ವೇಗ. ಅದಕ್ಕೆ ಹದಿನೈದು ಸೆಕೆಂಡು ಪೆನ್ನಿನಿಂದ ಕಾಗದದ ಮೇಲೆ ಬಡಿತಕ್ಕೊಂದು ಚುಕ್ಕಿ ಇಡುತ್ತಾ ಹೋಗಿ, ಆಮೇಲೆ ಚುಕ್ಕಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ನೀರು ಸ್ವಲ್ಪ ತಂಪು ಮಾಡಿದರೆ ಬಡಿತ ಇಳಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಇದು ಹುಡುಗರಿಗೆ ಥಟ್ಟಂತ ಅರ್ಥವಾಗುತ್ತದೆ. ಮುಗಿದ ಮೇಲೆ ವಾಪಸ್ ಕೆರೆಗೆ.

ಕಿವಿರು ನೋಡೋಕೆ ಮೀನು ಮಾರ್ಕೆಟ್ಟಿನಲ್ಲಿ ಬಿಸಾಡುವ ರೋಹು, ಕಾಟ್ಲಾ ತಲೆ ಸಾಕು. ನಾಲ್ಕು ಕೋಣೆಯ ಹೃದಯಕ್ಕೆ ಮಟನ್ ಅಂಗಡಿ. ಇದಕ್ಕಾಗಿ ಬೇರೆ ಜೀವ ತೆಗೆಯೋದಿಲ್ಲ. ಮುಟ್ಟಲ್ಲ ಅನ್ನುವ ಹುಡುಗರಿಗೆ ಒತ್ತಾಯವಿಲ್ಲ, ವೈರ್ ಇದೆ. ಹೌದು, ಮಾಂಸದ ಮೆದುವು, ಪೊರೆಯ ಬಿಗಿ ವೈರಿನಲ್ಲಿ ಸಿಗೋದಿಲ್ಲ. ಮುಂದೆ ಸರ್ಜನ್ ಆಗುವವರಿಗೆ ಅದು ಬೇಕು, ಅವರಿಗೆ ದೇಹದಾನದ ದೇಹಗಳಿವೆ. ಬಿಎಸ್ಸಿ ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯುವವನಿಗೆ ಯಾಕೆ?

ಬಳ್ಳಾರಿಯಲ್ಲಿ ಫಾರ್ಮಸಿ ಓದುವ ಹಳೆ ವಿದ್ಯಾರ್ಥಿಗಳು ಮೊಲದ ಮೇಲಿನ ಪ್ರಯೋಗಗಳ ಬಗ್ಗೆ ಕೇಳುತ್ತಾರೆ. ಮೊಲದ ಕಣ್ಣಿಗೆ ರಾಸಾಯನಿಕ ಹಾಕಿ ಉರಿ ಅಳೆಯುವ ಡ್ರೇಜ್ ಟೆಸ್ಟ್ 1944ರದ್ದು. ಈಗ ಮನುಷ್ಯರ ಜೀವಕೋಶಗಳಿಂದ ಬೆಳೆಸಿದ, ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದಂಥ ಪದರದ ಮೇಲೇ ನೋಡಬಹುದು. ಸೌಂದರ್ಯ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸೋದನ್ನು ಭಾರತ 2014ರಲ್ಲಿ ನಿಷೇಧಿಸಿತು. ಔಷಧಿಯ ವಿಷಯ ಅಷ್ಟು ಸುಲಭವಲ್ಲ. 2023ರಲ್ಲಿ ನಿಯಮ ತಿದ್ದಿ ಜೀವಕೋಶ, ಕಂಪ್ಯೂಟರ್ ವಿಧಾನಗಳಿಗೂ ದಾರಿ ಮಾಡಿಕೊಟ್ಟಿದ್ದಾರೆ, ಪ್ರಾಣಿ ಪರೀಕ್ಷೆ ನಿಂತಿಲ್ಲ. ನಾಳೆಯೇ ನಿಲ್ಲಿಸಿ ಅನ್ನೋ ಧೈರ್ಯ ನನಗೂ ಇಲ್ಲ. ಆದರೆ ಅಟ್ರೋಪಿನ್ ಅನ್ನೋ ಔಷಧಿ ಹಾಕಿದರೆ ಕಣ್ಣಿನ ಪಾಪೆ ಹಿಗ್ಗುತ್ತದೆ ಅನ್ನೋದನ್ನು ವರ್ಷಾ ವರ್ಷಾ ಹೊಸ ಮೊಲದ ಮೇಲೆ ತೋರಿಸಬೇಕಿಲ್ಲ. ಪುದುಚೇರಿಯ ಜಿಪ್ಮರ್‌ನಲ್ಲಿ ಮಾಡಿದ ಎಕ್ಸ್‌ಫಾರ್ಮ್ ಅನ್ನೋ ಸಾಫ್ಟ್‌ವೇರ್ ಇಂಥ ಪ್ರಾಕ್ಟಿಕಲ್‌ಗಳಿಗೇ ಇದೆ.

ಮೊನ್ನೆ ರಾಯಚೂರು ಕಡೆಯ ಒಬ್ಬ ಲೆಕ್ಚರರ್ ಫೋನ್ ಮಾಡಿದ್ದರು. ವೈರ್ ಮಾಡೆಲ್ ಸರಿ ಸರ್, ಹೊರಗಿನಿಂದ ಬರುವ ಎಕ್ಸಾಮಿನರ್ ಒಪ್ತಾರಾ ಅಂತ. ನೀಲಿ ವೈರ್ ಒಂದನ್ನು ಬೇಕಂತಲೇ ತಪ್ಪು ಕಡೆ ಚುಚ್ಚಿ ಅವರ ಮುಂದಿಡಿ, ಹುಡುಗನಿಗೆ ಕಂಡುಹಿಡಿದು ಸರಿಮಾಡು ಅನ್ನಿ ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಅದನ್ನ ಮೊದಲು ನಾನು ಪ್ರಾಕ್ಟೀಸ್ ಮಾಡ್ಬೇಕು ಸರ್" ಅಂದರು.