ಮುಳ್ಳು ತುದಿ ಮುಟ್ಟಿದರೂ ಚಿತ್ರ ಬಾರದೇಕೆ? ಡಿಶ್ ಹೊಂದಿಸಲು ಕೊಳ್ಳಬೇಕಾದ ಮೀಟರ್ ಯಾವುದು?

ಓದುಗರ ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಹಳ್ಳಿ. ತಾರಸಿಯ ಮೇಲೆ ಫ್ರೀ ಡಿಶ್ ಇದೆ. ಆಷಾಢದ ಗಾಳಿಗೆ ಪ್ರತಿ ವರ್ಷ ಅದು ಅಲುಗಿ ಟಿ.ವಿ. ನಿಂತುಹೋಗುತ್ತದೆ. ಪೇಟೆಯಿಂದ ಕೆಲಸದವರು ಬರುವುದಕ್ಕೆ ವಾರ ಹಿಡಿಯುತ್ತದೆ. ನಾವೇ ಹೊಂದಿಸೋಣವೆಂದರೆ ಉಪಗ್ರಹದ ಸಿಗ್ನಲ್ ಹುಡುಕುವ ಮುಳ್ಳಿನ ಮೀಟರ್ (ಸ್ಯಾಟ್ ಫೈಂಡರ್) ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪರದೆಯಿರುವ ಡಿಜಿಟಲ್ ಮೀಟರ್‌ಗೆ ಸಾವಿರಗಳ ಲೆಕ್ಕ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮದೊಂದೇ ಮನೆ, ಒಂದೇ ಡಿಶ್ ಎಂದಾದರೆ ಎರಡೂ ಬೇಡ. ಅಕ್ಕಪಕ್ಕದ ನಾಲ್ಕಾರು ಮನೆಗೆ ನೀವೇ ಏಣಿ ಹತ್ತುವವರಾದರೆ ಡಿಜಿಟಲ್ ಮೀಟರನ್ನೇ ಕೊಳ್ಳಿ. ಮುಳ್ಳಿನದಕ್ಕೆ ಹಾಕುವ ದುಡ್ಡು ಕಡಿಮೆಯೆಂಬುದು ನಿಜ, ಆದರೆ ಅದು ತಿನ್ನುವ ಹೊತ್ತು ಕಡಿಮೆಯಲ್ಲ.

ಇದನ್ನು ನಾನು ಕಲಿತದ್ದು ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ತಾಯಿಯ ಮನೆಯ ತಾರಸಿಯ ಮೇಲೆ. ಗಾಳಿ ಡಿಶ್ಶನ್ನು ತಿರುಗಿಸಿಹಾಕಿತ್ತು. ಸಂಜೆ ಚಂದನ ವಾಹಿನಿಯ ವಾರ್ತೆಯ ಹೊತ್ತಿಗೆ ಟಿ.ವಿ. ಬರಲೇಬೇಕೆಂದು ತಾಯಿ ಹೇಳಿದ್ದರು. ಹೊಸದಾಗಿ ತಂದ ಮುಳ್ಳಿನ ಮೀಟರನ್ನು ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಚಾಚಿದ ಹಿಡಿಯಲ್ಲಿದ್ದು ಸಿಗ್ನಲ್ ಹಿಡಿಯುವ ಭಾಗ) ಮತ್ತು ಕೇಬಲ್ಲಿನ ನಡುವೆ ಸಿಕ್ಕಿಸಿದೆ. ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸುತ್ತ ಬಂದಂತೆ ಮುಳ್ಳು ಸರಸರನೆ ಏರಿತು, ಮೀಟರಿನ ಕೂಗು ಕಿವಿ ತೂತಾಗುವಷ್ಟು ಜೋರಾಯಿತು. ಸಿಕ್ಕಿತೆಂದು ನಟ್ಟು ಬಿಗಿದು ಕೆಳಗಿಳಿದರೆ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಅದೇ ಸಾಲು. ಮತ್ತೆ ಹತ್ತಿದೆ, ಮತ್ತೆ ಇಳಿದೆ. ಮಧ್ಯಾಹ್ನ ಕಳೆಯಿತು. ಮುಳ್ಳು ಸುಳ್ಳು ಹೇಳಿರಲಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಅದಕ್ಕಿರಲಿಲ್ಲ, ಅಷ್ಟೆ.

ಆ ಪ್ರಶ್ನೆ, ಇದು ಯಾರ ಸಿಗ್ನಲ್ ಎಂಬುದು.

ಎಲ್‌ಎನ್‌ಬಿಯಿಂದ ಕೇಬಲ್ಲಿಗೆ ಇಳಿದು ಬರುವುದು 950ರಿಂದ 2150 ಮೆಗಾಹರ್ಟ್ಸ್‌ವರೆಗಿನ ಅಲೆಗಳ ಇಡೀ ಹೊರೆ. ಮುಳ್ಳಿನ ಮೀಟರ್ ಆ ಹೊರೆಯನ್ನು ಒಟ್ಟಿಗೆ ತೂಗುತ್ತದೆ. ಚೀಲದಲ್ಲಿರುವುದು ರಾಗಿಯೋ ಮರಳೋ ಎಂದು ತಕ್ಕಡಿಗೆ ತಿಳಿಯುವುದುಂಟೇ? ಬೇಕಾದರೆ ಪರೀಕ್ಷಿಸಿ ನೋಡಿ: ಡಿಶ್ಶನ್ನು ಖಾಲಿ ಆಕಾಶದಿಂದ ಮನೆಯ ಗೋಡೆಯ ಕಡೆಗೆ ತಿರುಗಿಸಿದರೂ ಮುಳ್ಳು ಒಂದಿಷ್ಟು ಏರುತ್ತದೆ. ಬಿಸಿಲಿಗೆ ಕಾದ ಗೋಡೆಯೂ ನೆಲವೂ ತಮ್ಮದೇ ರೇಡಿಯೊ ಸದ್ದನ್ನು ಸೂಸುತ್ತವೆ, ಆಕಾಶ ಅದಕ್ಕಿಂತ ತಣ್ಣಗಿರುತ್ತದೆ.

ನಮ್ಮ ಕಷ್ಟಕ್ಕೆ ಇನ್ನೊಂದು ಕಾರಣ ಮೇಲಿನ ನೆರೆಹೊರೆ. ಫ್ರೀ ಡಿಶ್‌ನ ವಾಹಿನಿಗಳು ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕಿರುವ ಜಿಸ್ಯಾಟ್-15 ಉಪಗ್ರಹದಿಂದ. ಅದರ ಒಂದು ಮಗ್ಗುಲಿಗೆ, 91.5ರಲ್ಲಿ, ಮಲೇಷ್ಯಾದ ಮೀಸ್ಯಾಟ್ ಉಪಗ್ರಹಗಳಿವೆ. ಇನ್ನೊಂದು ಮಗ್ಗುಲಿಗೆ, 95ರಲ್ಲಿ, ಡಿಶ್ ಟಿ.ವಿ. ಬಳಸುವ ಎಸ್‌ಇಎಸ್-8 ಇದೆ. ನಡುವಿನ ಅಂತರ ಒಂದೂವರೆ, ಎರಡು ಡಿಗ್ರಿ. 60 ಸೆಂಟಿಮೀಟರಿನ ಡಿಶ್ಶಿನ ನೋಟವೋ ಸುಮಾರು ಮೂರು ಡಿಗ್ರಿ ಅಗಲ. ಒಂದೇ ಕೇರಿಯ ಮೂರು ಮನೆಯವರು ಒಟ್ಟಿಗೆ ಕೂಗಿದರೆ ಮುಳ್ಳು ಅವರಲ್ಲಿ ಜೋರಾಗಿ ಕೂಗಿದವರ ಕಡೆಗೋ ಎಲ್ಲರ ನಡುವಿಗೋ ವಾಲುತ್ತದೆ. ಅಂದು ನಾನು ಬಿಗಿದದ್ದು ಪಕ್ಕದ ಮನೆಯ ಬಾಗಿಲಿಗೆ.

ಡಿಜಿಟಲ್ ಮೀಟರ್ ಹಾಗಲ್ಲ. ಅದಕ್ಕೆ ಒಂದು ನಿರ್ದಿಷ್ಟ ಟ್ರಾನ್ಸ್‌ಪಾಂಡರಿನ (ಉಪಗ್ರಹದಿಂದ ವಾಹಿನಿಗಳ ಒಂದು ಗುಂಪನ್ನು ಕೆಳಕ್ಕೆ ಕಳಿಸುವ ಘಟಕ) ಆವರ್ತನ, ಸಿಂಬಲ್ ರೇಟ್ (ಮಾಹಿತಿ ಬರುವ ವೇಗ), ಧ್ರುವೀಕರಣವನ್ನು (ಅಲೆ ಅಡ್ಡವೋ ಲಂಬವೋ ಎಂಬುದು) ಕೊಡುತ್ತೇವೆ. ಆ ಸಿಗ್ನಲನ್ನು ಬಿಡಿಸಿ ಓದಲಾದರೆ ಮಾತ್ರ ಅದು ‘ಲಾಕ್’ ಎನ್ನುತ್ತದೆ, ಎಷ್ಟು ಶುಚಿಯಾಗಿ ಓದಲಾಯಿತೆಂಬುದನ್ನು ಡೆಸಿಬಲ್‌ನಲ್ಲಿ ತೋರಿಸುತ್ತದೆ. ಆ ಅಂಕಿಗೆ ಎಂಇಆರ್ ಎಂದು ಹೆಸರು, ಕೆಲವು ಮೀಟರುಗಳಲ್ಲಿ ಸಿ/ಎನ್ ಎಂದಿರುತ್ತದೆ. ಕೊಳ್ಳುವಾಗ ನೀವು ಹುಡುಕಬೇಕಾದದ್ದು ಈ ಅಂಕಿಯನ್ನೇ. ಬರಿಯ ಶೇಕಡಾವಾರು ತೋರಿಸುವ ಮೀಟರನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು ಕಂಪನಿಯ ಶೇ 70 ಇನ್ನೊಂದರ ಶೇ 50 ಇರಬಹುದು, ಡೆಸಿಬಲ್‌ಗೆ ಆ ಗೊಂದಲ ಬಹಳ ಕಡಿಮೆ.

ಡೆಸಿಬಲ್ ಏಕೆ ಮುಖ್ಯವೆಂದರೆ, ಮಳೆ. ಉಪಗ್ರಹ ಟಿ.ವಿ. ಸಿಗ್ನಲ್ ಕಳಿಸುವ ಡಿವಿಬಿ-ಎಸ್2 ಎಂಬ ವಿಧಾನದಲ್ಲಿ 8ಪಿಎಸ್‌ಕೆ ಮೂರು-ನಾಲ್ಕಾಂಶ ಎಂಬ ಜೋಡಣೆಯಿದ್ದರೆ ಚಿತ್ರ ನಿಲ್ಲಲು ಹೆಚ್ಚುಕಡಿಮೆ 8 ಡೆಸಿಬಲ್ ಬೇಕು. ಡಿಶ್ ಸರಿಯಾಗಿ ಕೂತು 12 ಸಿಕ್ಕರೆ ಮಳೆಗೆ ಬಿಟ್ಟುಕೊಡಲು 4 ಉಳಿಯಿತು. ಸ್ವಲ್ಪ ಓರೆಯಾಗಿ 9 ಸಿಕ್ಕರೂ ಚಿತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಬಿಸಿಲಿನಲ್ಲಿ ವ್ಯತ್ಯಾಸವೇ ಕಾಣದು. ಮೋಡ ಕಪ್ಪಾಗಿ ನಾಲ್ಕು ಹನಿ ಬಿದ್ದೊಡನೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ‘ಮಳೆ ಬಂದರೆ ಡಿಶ್ ಹೋಗುತ್ತದೆ’ ಎಂದು ನಾವು ಒಪ್ಪಿಕೊಂಡು ಕೂತಿರುವ ಎಷ್ಟೋ ಮನೆಗಳಲ್ಲಿ ತಪ್ಪು ಮಳೆಯದಲ್ಲ, ಆ ಮೂರು ಡೆಸಿಬಲ್‌ನದು.

ಮೂರು ಡೆಸಿಬಲ್ ಎಂದರೆ ಸಿಗ್ನಲ್ ಅರ್ಧಕ್ಕರ್ಧ. ಅದನ್ನು ಕಳೆದುಕೊಳ್ಳಲು ಡಿಶ್ಶಿನ ಅಂಚು ಮೇಲಕ್ಕೋ ಕೆಳಕ್ಕೋ ಸುಮಾರು 8 ಮಿಲಿಮೀಟರ್ ಸರಿದರೆ ಸಾಕು. ಒಂದು ಅವರೆಕಾಳಿನಷ್ಟು! ತುಮಕೂರಿನ ಸೀಮೆಯಿಂದ ನೋಡಿದರೆ ಜಿಸ್ಯಾಟ್-15 ಉತ್ತರದಿಂದ ಸುಮಾರು 128 ಡಿಗ್ರಿ ದಿಕ್ಕಿನಲ್ಲಿ, ಅಂದರೆ ಆಗ್ನೇಯದಲ್ಲಿ, ನೆಲದಿಂದ 65 ಡಿಗ್ರಿ ಎತ್ತರದಲ್ಲಿದೆ. ಹೀಗೆ ಎತ್ತರದಲ್ಲಿರುವ ಉಪಗ್ರಹಕ್ಕೆ ಎಡಬಲದ ತಿರುಗು ಅಷ್ಟು ನಾಜೂಕಲ್ಲ. ಕಂಬದ ಸುತ್ತ ಎರಡೂಕಾಲು ಡಿಗ್ರಿ ತಿರುಗಿಸಿದರೂ ನೋಟ ಸರಿಯುವುದು ಒಂದು ಡಿಗ್ರಿಗಿಂತ ಕಡಿಮೆ. ಮೇಲೆ-ಕೆಳಗಿನ ಬಾಗು ಮಾತ್ರ ಕಟ್ಟುನಿಟ್ಟು. ಹೆಚ್ಚಿನವರು ಎಡಬಲಕ್ಕೆ ಗಂಟೆಗಟ್ಟಲೆ ತಿರುಗಿಸಿ, ಬಾಗಿನ ನಟ್ಟನ್ನು ಒಮ್ಮೆ ಬಿಗಿದು ಮರೆತುಬಿಡುತ್ತಾರೆ. ಇದು ತಲೆಕೆಳಗಾದ ಕ್ರಮ.

ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ತಿರುಗಿಸುವ ಮಾತೂ ಹೀಗೆಯೇ. ನಾವು ಭೂಮಧ್ಯರೇಖೆಗೆ ಹತ್ತಿರವಿದ್ದೇವೆ, ಉಪಗ್ರಹ ನಮಗೆ ನೆಟ್ಟಗೆ ದಕ್ಷಿಣಕ್ಕಿಲ್ಲ, ಪೂರ್ವಕ್ಕೆ ವಾಲಿದೆ. ಆದ್ದರಿಂದ ಅದರ ಅಲೆಗಳು ನಮ್ಮ ಡಿಶ್ಶಿಗೆ ಓರೆಯಾಗಿ ಬರುತ್ತವೆ. ಎಲ್‌ಎನ್‌ಬಿಯನ್ನು ನೆಟ್ಟಗೆ ಕೂರಿಸಿ ಬಿಟ್ಟರೆ ಅಡ್ಡ ಮತ್ತು ಲಂಬ ಧ್ರುವೀಕರಣದ ಸಿಗ್ನಲ್‌ಗಳು ಒಂದರೊಳಗೊಂದು ಬೆರೆಯುತ್ತವೆ. ಮುಳ್ಳಿನ ಮೀಟರಿಗೆ ಇದು ಕಾಣುವುದಿಲ್ಲ, ಬೆರಕೆಯಾದರೂ ಒಟ್ಟು ತೂಕ ಅಷ್ಟೇ ತಾನೆ. ಎಂಇಆರ್ ನೋಡುತ್ತ ಬೆರಳಿನಿಂದ ಸ್ವಲ್ಪಸ್ವಲ್ಪವೇ ತಿರುಗಿಸಿದರೆ ಅಂಕಿ 10.2, 10.9, 11.6 ಎಂದು ಏರುತ್ತ ಹೋಗಿ ಒಂದು ಕಡೆ ಇಳಿಯಲು ತೊಡಗುತ್ತದೆ. ಅಲ್ಲಿಂದ ಒಂದು ಕೂದಲು ಹಿಂದಕ್ಕೆ.

ಇನ್ನು ಅಂಗಡಿಯಲ್ಲಿ ಕೇಳಬೇಕಾದದ್ದು. ಡಿವಿಬಿ-ಎಸ್2 ಓದಬೇಕು, ಹಳೆಯ ಡಿವಿಬಿ-ಎಸ್ ಒಂದೇ ಸಾಲದು. ಎಲ್‌ಎನ್‌ಬಿಗೆ 13 ಮತ್ತು 18 ವೋಲ್ಟ್ ಹಾಗೂ 22 ಕಿಲೋಹರ್ಟ್ಸ್ ಸಂಕೇತವನ್ನು ತಾನೇ ಕೊಡಬೇಕು. ಟ್ರಾನ್ಸ್‌ಪಾಂಡರಿನ ವಿವರವನ್ನು ನಾವೇ ಬರೆದು ಸೇರಿಸುವಂತಿರಬೇಕು, ಒಳಗೆ ತುಂಬಿಕೊಟ್ಟ ಪಟ್ಟಿ ಬೇಗ ಹಳತಾಗುತ್ತದೆ. ಅಂಗಡಿಯ ನೆರಳಿನಲ್ಲಿ ನೋಡಿ ಕೊಳ್ಳಬೇಡಿ, ಬೀದಿಗೆ ತಂದು ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ನೋಡಿ. ಪಾವಗಡದ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣದ ಪರದೆ ಇದ್ದೂ ಇಲ್ಲದಂತೆ. ಮೀಟರಿನಲ್ಲೇ ಚಿತ್ರ ತೋರಿಸುವ ಮಾದರಿಗೆ ಹೆಚ್ಚು ಹಣ ಕೇಳುತ್ತಾರೆ, ಅದು ಬೇಕಿಲ್ಲ.

ಒಂದೇ ಮನೆಯವರು ಮಾಡಬೇಕಾದದ್ದು ಇಷ್ಟು. ನಿಮ್ಮ ಸೆಟ್‌ಟಾಪ್ ಬಾಕ್ಸಿನೊಳಗೇ ಒಂದು ಡಿಜಿಟಲ್ ಮೀಟರ್ ಇದೆ. ಮೆನುವಿನಲ್ಲಿ ಸಿಗ್ನಲ್ ಪುಟಕ್ಕೆ ಹೋದರೆ ‘ಸ್ಟ್ರೆಂತ್’, ‘ಕ್ವಾಲಿಟಿ’ ಎಂಬ ಎರಡು ಪಟ್ಟಿಗಳು ಕಾಣುತ್ತವೆ. ಸ್ಟ್ರೆಂತನ್ನು ಮರೆತುಬಿಡಿ, ಅದು ಮುಳ್ಳಿನ ಮೀಟರಿನ ಅಣ್ಣ. ಕ್ವಾಲಿಟಿಯೇ ನಿಮ್ಮ ಅಂಕಿ. ತಾರಸಿಯಿಂದ ‘ಬಂತೇ? ಹೋಯಿತೇ?’ ಎಂದು ಕೂಗುವ ಬದಲು ಮನೆಯವರೊಬ್ಬರು ಮೊಬೈಲಿನ ವಿಡಿಯೊ ಕರೆಯನ್ನು ಟಿ.ವಿ.ಯತ್ತ ಹಿಡಿದು ಕೂರಲಿ. ಬಾಕ್ಸ್ ಲೆಕ್ಕ ಹಾಕಲು ಒಂದೆರಡು ಕ್ಷಣ ತೆಗೆದುಕೊಳ್ಳುತ್ತದೆ, ಕರೆಯೂ ಕೊಂಚ ತಡವಾಗುತ್ತದೆ. ಹಾಗಾಗಿ ಕೂದಲೆಳೆಯಷ್ಟು ಸರಿಸಿ, ಐದು ಎಣಿಸಿ, ಆಮೇಲೆ ನೋಡಿ. ಕೇಬಲ್ ಬಿಚ್ಚುವ, ಸಿಕ್ಕಿಸುವ ಮೊದಲು ಬಾಕ್ಸಿನ ಪ್ಲಗ್ ತೆಗೆಯಿರಿ. ಹೊರಗಿನ ಜಾಲರಿಯ ಒಂದೇ ಎಳೆ ನಡುವಿನ ತಂತಿಗೆ ತಗುಲಿದರೂ ಶಾರ್ಟ್ ಆಗುತ್ತದೆ.

ಹತ್ತುವ ಮೊದಲು ಆಗ್ನೇಯಕ್ಕೆ ತೆಂಗಿನಮರವಿದೆಯೇ ನೋಡಿಕೊಳ್ಳಿ. ಡಿಶ್ಶಿಗಿಂತ ಮರ ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ದೂರದಲ್ಲಿ ಗರಿಗಳಿದ್ದರೆ ತೊಂದರೆಯಿಲ್ಲ. ಹತ್ತಿರವಿದ್ದರೆ ಯಾವ ಮೀಟರೂ ನೆರವಾಗದು, ಡಿಶ್ ಜಾಗ ಬದಲಿಸಬೇಕು.

ಕೊನೆಯದಾಗಿ, ನಟ್ಟು ಬಿಗಿಯುವಾಗಲೇ ಡಿಶ್ ಆ ಅವರೆಕಾಳಿನಷ್ಟು ಸರಿಯುತ್ತದೆ. ಎರಡೂ ಕಡೆಯ ನಟ್ಟುಗಳನ್ನು ಸರದಿಯಂತೆ ಕಾಲು ಸುತ್ತು, ಕಾಲು ಸುತ್ತು ಬಿಗಿಯುತ್ತ, ಪ್ರತಿ ಸಲವೂ ಅಂಕಿ ನೋಡಿ. ಬಿಗಿದಾದ ಮೇಲೆ ಕಂಬ ಮತ್ತು ಹಿಡಿಕೆ ಸೇರುವಲ್ಲಿಯೂ ಬಾಗಿನ ಅಳತೆಪಟ್ಟಿಯ ಮೇಲೂ ಪೇಂಟಿನಿಂದ ಗೆರೆ ಎಳೆದುಬಿಡಿ. ಜಿಸ್ಯಾಟ್-15 ತನ್ನ ಜಾಗ ಬಿಟ್ಟು ಕದಲದಂತೆ ಹಾಸನದ ಇಸ್ರೊ ಕೇಂದ್ರದವರು ನೋಡಿಕೊಳ್ಳುತ್ತಾರೆ. ಮುಂದಿನ ಆಷಾಢದಲ್ಲಿ ನೀವು ಸೇರಿಸಬೇಕಾದದ್ದು ಆ ಎರಡು ಗೆರೆಗಳನ್ನು.